ಒಂದು ಗೇಣು ಒಳಗೆ ಬಂದ ಗೆರೆ

ನನಗೆ ಟಿ.ಬಿ. ಆಗಿತ್ತು. ವಾಸಿಯಾಯಿತು. ವಾಸಿಯಾಗುವಾಗ ನನ್ನಿಂದ ಒಂದು ಕೆಲಸ ಕೈಬಿಟ್ಟು ಹೋಯಿತು, ಅದರಲ್ಲಿ ನನ್ನ ತಪ್ಪೂ ಇತ್ತು. ಅದೇ ಸೂಜಿ, ಅದೇ ಗುಳಿಗೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಎಚ್ಚರಾದರೆ ಸಾಕು. ಮೂರನೇ ಇಯತ್ತೆಯವರೆಗೆ ಸಾಲಿ ಕಲಿತವಳು ನಾನು, ಬಳಸಿ ಬರೆಯಲು ಬರುವುದಿಲ್ಲ.

ನಾವು ಬಾಗಲಕೋಟೆ ಕಡೆಯವರು. ನಮ್ಮ ಮನೆಯವರು ಗೋವೆಯ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದರು. ಸಾಂಕೋಲೆಯ ಗುಡ್ಡದ ಮೇಲೆ ನಮ್ಮ ತಗಡಿನ ಖೋಲಿ. ಮಕ್ಕಳಾಗಲಿಲ್ಲ; ಆಮೇಲೆ ಯಾರೂ ಕೇಳಬಾರದೆಂದು ಈಗಲೇ ಹೇಳಿದೆ. ಗುಡ್ಡದ ಕೆಳಗೆ ಹೆಣ್ಣುಮಕ್ಕಳ ಹೈಸ್ಕೂಲಿತ್ತು. ಅಲ್ಲಿ ಕಸ ಹೊಡೆಯುವುದು, ನೆಲ ಒರೆಸುವುದು ನನ್ನ ಕೆಲಸ. ಎಂಬತ್ತರ ದಶಕ ಅರ್ಧ ಕಳೆದಿದ್ದ ಹೊತ್ತು ಅದು, ನನಗೆ ನಲವತ್ತರ ಸುಮಾರು.

ಶಾಲೆಯ ಹಿಂದೆ ಸಿಮೆಂಟಿನ ಬಾಸ್ಕೆಟ್‌ಬಾಲ್ ಅಂಗಳ. ಅದೇ ಅಂಗಳದಲ್ಲಿ ಮದುವೆಯ ಊಟ ಆಗುತ್ತಿತ್ತು, ಕೊಂಕಣಿ ನಾಟಕ ಆಗುತ್ತಿತ್ತು. ಹಾಗಾಗಿ ಎಣ್ಣೆಬಣ್ಣದ ಗೆರೆ ಬೇಡ ಎಂದಿದ್ದರು. ಪ್ರತಿ ಶನಿವಾರ ಸುಣ್ಣದ ನೀರಿನಲ್ಲಿ ಗೆರೆ ಎಳೆಯಬೇಕು. ಎಳೆಯುತ್ತಿದ್ದ ಮಾಲಿ ಕೆಲಸ ಬಿಟ್ಟ ಮೇಲೆ ಆಟದ ಫಿಲೋಮಿನಾ ಟೀಚರ್ ನನ್ನನ್ನು ಕರೆದರು. ಅವರು ಗೋವೆಯವರೇ. ಕೂಲಿಯವರಿಂದ ಕಲಿತ ಕನ್ನಡ ಅವರದು.

"ನೀಲವ್ವ, ಸೀದಾ ಎಳಿತಿ?"

"ಗೌಂಡಿ ಕೈಕೆಳಗ ಎಂಟು ವರ್ಷ ದುಡದೇನ್ರಿ. ದಾರ ಕಟ್ಟಿಕೊಡ್ರಿ, ಆಮ್ಯಾಲ ನೋಡ್ರಿ."

ನೋಡಿದರು. ಮತ್ತೆ ಯಾರಿಗೂ ಬ್ರಶ್ಶು ಕೊಡಲಿಲ್ಲ.

ಆಟವನ್ನು ನಾನು ಕಲಿತದ್ದು ಗೆರೆಯಿಂದ. ಈ ಗೆರೆ ದಾಟಿದರೆ ಚೆಂಡು ಹೊರಗೆ. ನಡುವಿನ ಗೆರೆ ದಾಟಿ ಮುಂದೆ ಹೋದ ಚೆಂಡನ್ನು ಮತ್ತೆ ಹಿಂದೆ ತರುವಂತಿಲ್ಲ. ಬುಟ್ಟಿಯ ಕೆಳಗೆ ಒಂದು ಆಕಾರ, ತಳದಲ್ಲಿ ಅಗಲ, ಮೇಲೆ ಸಣ್ಣ, ಒಣಹಾಕಿದ ಲಂಗದ ಹಾಗೆ. ಎದುರಿನವರ ಆ ಲಂಗದೊಳಗೆ ಮೂರು ಎಣಿಸುವಷ್ಟು ಹೊತ್ತಿಗಿಂತ ಹೆಚ್ಚು ನಿಂತರೆ ಸೀಟಿ ಊದುತ್ತಾರೆ. ಯಾರಾದರೂ ಮೈಮೇಲೆ ಬಿದ್ದರೆ ಲಂಗದ ಸೊಂಟದ ಗೆರೆಯಲ್ಲಿ ನಿಂತು ಪುಕ್ಕಟೆ ಹೊಡೆಯಬಹುದು. ಗೆರೆ ತುಳಿದರೆ ಅದೂ ಇಲ್ಲ. ಸಂಜೆ ಕೆಲಸ ಮುಗಿದರೂ ಕಸಬರಿಗೆ ಹಿಡಿದು ನಿಂತುಬಿಡುತ್ತಿದ್ದೆ. ಹುಡುಗಿಯರು ನನ್ನ ಗೆರೆಯ ಅಂಚಿಗೆ ಬಂದು, ಬೆರಳ ತುದಿಯಲ್ಲಿ ನಿಂತು, ಹೊರಗೆ ಬೀಳುವ ಚೆಂಡನ್ನು ಬಡಿದು ಒಳಗೆ ತರುತ್ತಿದ್ದರು. ನಾನು ಎಳೆದದ್ದನ್ನು ಅಷ್ಟು ಮರ್ಯಾದೆಯಿಂದ ಯಾರೂ ಕಂಡಿರಲಿಲ್ಲ.

ಆ ವರ್ಷ ಆಟಕ್ಕೆ ಹೊಸ ಗೆರೆ ಬಂತು. ಬುಟ್ಟಿಯ ಸುತ್ತ ದೊಡ್ಡ ಅರ್ಧಚಂದ್ರ. ಅದರ ಹೊರಗಿಂದ ಹೊಡೆದರೆ ಎರಡರ ಬದಲು ಮೂರು ಪಾಯಿಂಟು. ಟೀಚರ್ ಬುಟ್ಟಿಯ ನೇರ ಕೆಳಗೆ ಸಿಮೆಂಟಿನಲ್ಲಿ ಸಣ್ಣ ತೂತು ಮಾಡಿಸಿ ಮೊಳೆ ನಿಲ್ಲಿಸಿದರು. ಮೊಳೆಗೆ ಹಗ್ಗದ ಒಂದು ತುದಿ, ಇನ್ನೊಂದು ತುದಿ ಬ್ರಶ್ಶು ಹಿಡಿದ ನನ್ನ ಕೈಯಲ್ಲಿ. ಮೊಳೆಗೆ ಮುಖ ಮಾಡಿ, ಬಗ್ಗಿ, ಹಗ್ಗ ಬಿಗಿಹಿಡಿದು ಅಡ್ಡಡ್ಡ ಕಾಲಿಡುತ್ತ ಸುತ್ತಬೇಕು. ಹಗ್ಗ ಎಲ್ಲೂ ಸಡಿಲಾಗಬಾರದು. ಸಡಿಲಾದರೆ ಗೆರೆ ಒಳಗೆ ಬರುತ್ತದೆ.

ತಂಡದಲ್ಲಿ ರೇಣುಕಾ ಎಂಬ ಹುಡುಗಿಯಿದ್ದಳು. ನಮ್ಮ ಗುಡ್ಡದವಳೇ, ಗೌಂಡಿಯ ಮಗಳು, ಗಿಡ್ಡಿ. ಬುಟ್ಟಿಯ ಹತ್ತಿರ ಎತ್ತರದ ಹುಡುಗಿಯರು ಅವಳ ಚೆಂಡನ್ನು ತಲೆಯ ಮೇಲಿಂದಲೇ ಕಿತ್ತುಕೊಳ್ಳುತ್ತಿದ್ದರು. ಹೊಸ ಗೆರೆ ಬಂದದ್ದೇ ಅವಳು ಅಲ್ಲಿ ಠಿಕಾಣಿ ಹೂಡಿದಳು. ದೂರದಿಂದ ಹೊಡೆದು ಹೊಡೆದು ಕೈ ಪಳಗಿಸಿದಳು.

"ದೊಡ್ಡವ್ವಾ, ಇದು ನನಗಂತನ ಮಾಡಿದ ಗೆರಿ ನೋಡು" ಅನ್ನುತ್ತಿದ್ದಳು.

"ಎಳದಾಕಿ ನಾ. ನಿನಗಂತ ಯಾವಾಗ ಆತು?"

ಹೀಗಿರುವಾಗ ಮಳೆಗಾಲದಲ್ಲಿ ಕೆಮ್ಮು ಹತ್ತಿತು. ಸುಣ್ಣದ ಪುಡಿ ಮೂಗಿಗೆ ಹೋಗಿದೆ ಎಂದುಕೊಂಡೆ. ಸಂಜೆಯಾದರೆ ಮೈ ಬಿಸಿ, ಬೆಳಗಿನ ಜಾವ ಸೀರೆ ತೊಯ್ಯುವಷ್ಟು ಬೆವರು. ಒಂದು ದಿನ ಅಂಗಳದ ನೀರು ತಳ್ಳುತ್ತಿದ್ದಾಗ ಕೆಮ್ಮಿದೆ, ಸಿಮೆಂಟಿನ ಮೇಲೆ ರಕ್ತ ಬಿತ್ತು. ಫಿನೈಲು ಹಾಕಿ ತೊಳೆದೆ. ತೊಳೆದು ತಲೆ ಎತ್ತಿದರೆ ಟೀಚರ್ ನಿಂತಿದ್ದರು.

ಸರ್ಕಾರಿ ದವಾಖಾನೆಯಲ್ಲಿ ಎದೆಯ ಫೋಟೋ ತೆಗೆದರು, ಕಫ ನೋಡಿದರು. ಟಿ.ಬಿ. ಅಂದರು. ಎರಡು ಮೂರು ತಿಂಗಳು ದಿನಾ ಸೂಜಿ, ಗುಳಿಗೆ ಅದಕ್ಕೂ ಮುಂದೆ. ನಮ್ಮ ಮನೆಯವರು ಖೋಲಿಯ ಬಾಗಿಲಲ್ಲಿ ಕೂತು ಬೀಡಿ ಹಚ್ಚಿದರು, ಸೇದಲಿಲ್ಲ.

"ಊರಿಗೆ ಹೋಗು" ಅಂದರು. "ಇಲ್ಲಿ ಮಂದಿಗೆ ಗೊತ್ತಾದ್ರ ಖೋಲಿ ಬಿಡಸ್ತಾರ."

"ಊರಾಗ ಸೂಜಿ ಯಾರ ಹಾಕ್ತಾರ?"

"ನಿನಗ ಸೂಜಿ ಚಿಂತಿ ಅಲ್ಲ. ಆ ಸಾಲಿ ಅಂಗಳದ ಚಿಂತಿ."

"ಹೌದ್ರಿ. ಖರೇ ಐತಿ."

ಅವರು ಎದ್ದು ಒಳಗೆ ಹೋದರು. ನನಗೊಂದು ತಾಟು, ಒಂದು ಲೋಟ ಬೇರೆ ಇಟ್ಟರು. ತಾಟಿನ ಅಂಚಿಗೆ ಮೊಳೆಯಿಂದ ಗೀರು ಹಾಕಿದರು, ಗುರುತಿಗೆ. ಹಾಸಿಗೆ ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋದರು. ನನಗೆ ಕೆಟ್ಟದೆನಿಸಿತು, ಆದರೆ ಅನ್ನ ಮಾಡಿ ಹಾಕಿದವರೂ ಅವರೇ. ಅಕ್ಕಿಯಲ್ಲಿ ಹರಳು ಹಾಗೇ ಇರುತ್ತಿತ್ತು.

ಟೀಚರ್ ಗೇಟಿನ ಆಚೆ ನಿಂತು ಹೇಳಿದ್ದು ಇಷ್ಟೇ: "ಡಾಕ್ಟರ್ ಚೀಟಿ ತಂದ್ರೆ ಬಾ. ಇಲ್ಲ ಅಂದ್ರೆ ನಕೊ. ಇಲ್ಲಿ ಮಕ್ಕಳು ಇದಾರೆ."

ಅದು ಸರಿಯಾದ ಮಾತು. ಜನವರಿಯಲ್ಲಿ ನಮ್ಮ ಅಂಗಳದಲ್ಲೇ ಶಾಲೆಶಾಲೆಗಳ ಪಂದ್ಯ ಇತ್ತು. ಅಷ್ಟರೊಳಗೆ ಚೀಟಿ ತಂದು ಗೆರೆ ನಾನೇ ಎಳೆಯಬೇಕು. ಬೇರೆ ಏನನ್ನೂ ನಾನು ಬಯಸಲಿಲ್ಲ. ಬದುಕಬೇಕು ಎಂದು ಕೂಡ ಬೇರೆಯಾಗಿ ಬಯಸಿದ ನೆನಪಿಲ್ಲ.

ದವಾಖಾನೆಯ ಪಡಸಾಲೆಯಲ್ಲಿ ಒಂದು ಉದ್ದ ಬೆಂಚು. ಇಬ್ಬರು ಕೂತರೆ ನಡುವೆ ನಾಲ್ಕು ಜನರ ಜಾಗ ಬಿಡುತ್ತಿದ್ದರು. ಎಲ್ಲರಿಗೂ ಅದೇ ರೋಗ, ಆದರೂ ಒಬ್ಬರಿಗೆ ಇನ್ನೊಬ್ಬರ ಹೆದರಿಕೆ. ಯಾರೂ ಹೆಸರು ಕೇಳುತ್ತಿರಲಿಲ್ಲ. ಇಮಾಮಸಾಬ ಒಬ್ಬ ಕೇಳಿದ. ವಿಜಾಪುರದವನು, ಮೊಲೆಂ ಘಟ್ಟದ ದಾರಿಯಲ್ಲಿ ಲಾರಿ ಹೊಡೆಯುತ್ತಿದ್ದ. ಗುಳಿಗೆ ಶುರುವಾದ ಮರುದಿನ ನನಗೆ ಉಚ್ಚೆ ಕೆಂಪಗೆ ಹೋಗಿ, ಇನ್ನು ಮುಗಿಯಿತು ಎಂದು ಗೋಡೆ ಹಿಡಿದು ಕೂತಿದ್ದೆ. ಯಾರಿಗೆ ಹೇಳುವುದು? ಅವನಿಗೇ ಹೇಳಿದೆ.

"ಅಂಜಬ್ಯಾಡ್ರಿ ಅಕ್ಕಾರ. ಗುಳಿಗಿ ಬಣ್ಣ ಅದು. ನಾ ಲಾರಿ ನಿಲ್ಲಿಸಿ ದಾರಿ ಬದಿಗೆ ಹೋದ್ರ ನನ್ನ ಕ್ಲೀನರ್ ನೋಡಿ ಲಾರಿ ಬಿಟ್ಟ ಓಡಿದ. ಇನ್ನೂ ಬಂದಿಲ್ಲ ಮಗ."

ಎಷ್ಟೋ ದಿನದ ಮೇಲೆ ನಕ್ಕೆ. ನಕ್ಕರೆ ಕೆಮ್ಮು ಬಂತು, ಅದು ಬೇರೆ.

ಸೂಜಿ ಹಾಕುವ ನರ್ಸಮ್ಮ ಮಲಯಾಳಿ. ಸೂಜಿ ತೆಗೆದ ಮೇಲೆ ಅಂಗೈಯಿಂದ ಗಟ್ಟಿಯಾಗಿ ತಿಕ್ಕುತ್ತಿದ್ದಳು, ಗಂಟು ಕಟ್ಟಬಾರದೆಂದು. ಆ ತಿಂಗಳುಗಳಲ್ಲಿ ನನ್ನ ಮೈ ಮುಟ್ಟಿದವಳು ಅವಳೊಬ್ಬಳೇ. ಸೂಜಿಯ ನೋವಿಗಿಂತ ಅವಳು ತಿಕ್ಕಿದ್ದು ಹೆಚ್ಚು ನೆನಪಿದೆ.

ಮಧ್ಯಾಹ್ನ ಖೋಲಿಯ ಮುಂದೆ ಕೂತರೆ ಕೆಳಗಿನ ಅಂಗಳ ಕಾಣುತ್ತಿರಲಿಲ್ಲ, ಗೋಡಂಬಿ ಮರಗಳ ಮರೆ. ಸಪ್ಪಳ ಮಾತ್ರ ಬರುತ್ತಿತ್ತು. ಚೆಂಡು ನೆಲಕ್ಕೆ ಬಡಿದದ್ದು, ಹಲಗೆಗೆ ಬಡಿದದ್ದು, ಟೀಚರ್ ಬೈದದ್ದು. ಬಡಿತ ನಿಂತು ಒಂದು ಗಳಿಗೆ ಏನೂ ಕೇಳದಿದ್ದರೆ ಯಾರೋ ದೂರದಿಂದ ಎಸೆದಿದ್ದಾಳೆ ಎಂದು ಅರ್ಥ. ಆ ಗಳಿಗೆಯಲ್ಲಿ ನಾನೂ ಉಸಿರು ಹಿಡಿಯುತ್ತಿದ್ದೆ. ಒಳಗೆ ಬಿತ್ತೋ ಇಲ್ಲವೋ ಹುಡುಗಿಯರ ಕೂಗಿನಿಂದ ತಿಳಿಯುತ್ತಿತ್ತು.

ರೇಣುಕಾ ದಿನ ಬಿಟ್ಟು ದಿನ ಬರುತ್ತಿದ್ದಳು. ಹತ್ತಿರ ಬರಬೇಡ ಎಂದಿದ್ದೆ. ನೀರಿನ ಡ್ರಮ್ಮಿನ ಹತ್ತಿರ ನಿಂತು ಕೂಗಿ ವರದಿ ಒಪ್ಪಿಸುತ್ತಿದ್ದಳು.

"ವಾಚಮನ್ ಎಳಿಯಾಕತ್ಯಾನ ದೊಡ್ಡವ್ವಾ. ಅರ್ಧಚಂದ್ರ ಎಳಿ ಅಂದ್ರ ಬದನಿಕಾಯಿ ಎಳದಾನ."

"ಟೀಚರ್ ಏನಂದ್ರು?"

"ನೀಲವ್ವ ಯಾವಾಗ ಬರ್ತಾಳ ಅಂತ ನನ್ನ ಕೇಳಿದ್ರು."

ಆ ಮಾತನ್ನು ಎಷ್ಟು ದಿನ ಹಿಡಿದುಕೊಂಡಿದ್ದೆ ಎಂದರೆ ಹೇಳಲು ನಾಚಿಕೆ.

ಎರಡನೇ ತಿಂಗಳಲ್ಲಿ ಕೆಮ್ಮು ನಿಂತಿತು, ಹಸಿವು ಬಂತು. ಅದೇ ಹೊತ್ತಿಗೆ ಕಿವಿಯಲ್ಲಿ ಸಣ್ಣಗೆ ಗುಂಯ್ ಅನ್ನತೊಡಗಿತು. ಆಮೇಲೆ ನಡೆಯುವಾಗ ಎದುರಿನ ಮನೆಗಳು ಕುಣಿದ ಹಾಗೆ. ಮಬ್ಬು ಬೆಳಕಿನಲ್ಲಿ ಚೊಂಬು ಹಿಡಿದು ಹೊರಗೆ ಹೋದರೆ ಕಾಲಿಗೆ ನೆಲ ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಡಾಕ್ಟರು ವಾರಕ್ಕೊಮ್ಮೆ ಕೇಳುತ್ತಿದ್ದರು, ಕಿವಿಯಲ್ಲಿ ಶಬ್ದ ಬರುತ್ತದೆಯೇ, ತಲೆ ತಿರುಗುತ್ತದೆಯೇ ಎಂದು. ಕೇಳಲಿಲ್ಲ ಎಂದು ನಾನು ಯಾರ ಮೇಲೂ ತಪ್ಪು ಹಾಕುವಂತಿಲ್ಲ.

ಅದೇ ಮಾತು ಕೇಳಿದಾಗ ಇಮಾಮಸಾಬ ಹೌದು ಎಂದಿದ್ದ. ಅವನ ಸೂಜಿ ಅಂದೇ ನಿಲ್ಲಿಸಿದರು.

"ಸೂಜಿ ತಪ್ಪಿತು, ಚಲೋ ಆತು ಅಂದೆ" ಅಂದ ಬೆಂಚಿನ ಮೇಲೆ ಕೂತು. "ಆದ್ರ ಬ್ಯಾರೆ ಗುಳಿಗಿ ಕೊಟ್ಟು ನನ್ನ ತಿಂಗಳು ಉದ್ದ ಮಾಡ್ಯಾರ ಅಕ್ಕಾರ. ಲಾರಿ ಮಾಲಕ ಇನ್ನೂ ಚೀಟಿ ತಾ ಅಂತಾನ."

ನನಗೆ ಕೇಳಿಸಿದ್ದು ಉದ್ದ, ಚೀಟಿ, ಈ ಎರಡೇ. ಅದೇ ವಾರ ಡಾಕ್ಟರು ಕೇಳಿದಾಗ ಬಾಗಿಲಿನ ಚೌಕಟ್ಟಿಗೆ ಬೆನ್ನು ಕೊಟ್ಟು ಗಟ್ಟಿಯಾಗಿ ನಿಂತು "ಏನೂ ಇಲ್ರಿ" ಅಂದೆ. ಮರುವಾರವೂ ಅಂದೆ. ಅದರ ಮರುವಾರ ಕಫದಲ್ಲಿ ಏನೂ ಇಲ್ಲ ಎಂದು ಕೆಲಸಕ್ಕೆ ಹೋಗುವ ಚೀಟಿ ಬರೆದುಕೊಟ್ಟರು. ಸೂಜಿ ಇನ್ನೂ ಕೆಲವು ವಾರ ಉಳಿದಿತ್ತು. ಚೀಟಿಯನ್ನು ಕುಪ್ಪಸದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಬಂದೆ. ಸೀಟು ಖಾಲಿಯಿತ್ತು, ಕೂತರೆ ಏಳುವಾಗ ತೂರಾಡುತ್ತೇನೆ ಎಂಬ ಭಯ.

ಚೀಟಿಯನ್ನು ಟೀಚರಿಗೆ ತೋರಿಸಿ, ಪಂದ್ಯದ ದಿನ ಬೆಳಕು ಹರಿಯುತ್ತಲೇ ಅಂಗಳಕ್ಕೆ ಹೋದೆ. ಕಸ ಹೊಡೆದೆ, ತೊಳೆದೆ, ಒಣಗಲು ಬಿಟ್ಟೆ. ನೇರ ಗೆರೆಗಳಿಗೆ ದಾರ ಇತ್ತು, ದಾರದ ಪಕ್ಕ ಕುಕ್ಕರುಗಾಲಲ್ಲಿ ಸರಿಯುತ್ತ ಎಳೆದೆ. ಹೊತ್ತು ಹಿಡಿಯಿತು, ಆದರೆ ಸರಿ ಬಂತು. ಒಂದು ಬದಿಯ ಅರ್ಧಚಂದ್ರವೂ ಹೇಗೋ ಆಯಿತು. ಇನ್ನೊಂದು ಬದಿ ಸುತ್ತುವಾಗ, ಎಡಗಡೆಯ ತಿರುವಿನಲ್ಲಿ, ಬಗ್ಗಿದ ತಲೆ ಒಮ್ಮೆಲೇ ತೇಲಿತು. ಬೀಳಲಿಲ್ಲ. ಒಂದು ಹೆಜ್ಜೆ ಮುಂದೆ ಕಾಲಿಟ್ಟು ತಡೆದೆ. ಹಗ್ಗ ಸಡಿಲಾಯಿತು, ಬ್ರಶ್ಶು ನೆಲದ ಮೇಲೆಯೇ ಇತ್ತು. ತಲೆ ಎತ್ತಿ ನೋಡಿದರೆ ಗೆರೆ ಅಲ್ಲಿ ಒಂದು ಗೇಣು ಒಳಗೆ ಬಂದಿತ್ತು.

ಒರೆಸಿ ಮತ್ತೆ ಎಳೆಯಬಹುದಿತ್ತು. ಎಳೆಯಲು ಮತ್ತೆ ಬಗ್ಗಬೇಕಿತ್ತು. ಯಾರನ್ನಾದರೂ ಕರೆಯಬಹುದಿತ್ತು, ಕರೆದರೆ ಯಾಕೆ ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಬೇರೆ ಶಾಲೆಯ ಹುಡುಗಿಯರ ಬಸ್ಸು ಬಂತು. ಬಕೆಟ್ಟು ಎತ್ತಿಕೊಂಡು ಸರಿದೆ. ಆಗ ಹೊಸದಾಗಿ ಬಂದ ಗೆರೆ ಅದು, ನೋಡುವವರ ಕಣ್ಣೂ ಅದಕ್ಕೆ ಇನ್ನೂ ಪಳಗಿರಲಿಲ್ಲ. ರೆಫರಿ ಒಂದು ಸುತ್ತು ನಡೆದು ನೋಡಿದ, ತಲೆಯಾಡಿಸಿದ.

ಕೊನೆಯ ಪಂದ್ಯ ನಮ್ಮ ಹುಡುಗಿಯರಿಗೂ ಆ ಬಸ್ಸಿನಲ್ಲಿ ಬಂದವರಿಗೂ. ಮೊದಲರ್ಧ ಅವರು ಆ ತಪ್ಪು ಗೆರೆಯ ಬದಿಗೆ ಹೊಡೆಯುತ್ತಿದ್ದರು, ಎಲ್ಲ ಬುಟ್ಟಿಯ ಹತ್ತಿರದಿಂದಲೇ. ಅರ್ಧ ಆಟದ ಮೇಲೆ ಬದಿ ಬದಲಾಯಿತು. ನಾನು ಬ್ರಶ್ಶು ಹಿಡಿದುಕೊಂಡೇ ಹಲ್ಲಿಯಂತೆ ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಕೊನೆಕೊನೆಗೆ ಅವರದು ಇಪ್ಪತ್ತೊಂಬತ್ತು, ನಮ್ಮದು ಇಪ್ಪತ್ತೇಳು. ಚೆಂಡು ರೇಣುಕಾಳಿಗೆ ಸಿಕ್ಕಿತು. ಅವಳು ಅದನ್ನು ಬಡಿಯುತ್ತ ಎಡಕ್ಕೆ ಹೋದಳು, ಬಡಿಯುತ್ತ, ಬಡಿಯುತ್ತ, ಸೀದಾ ಆ ಜಾಗಕ್ಕೆ. ಕಾಲು ಗೆರೆಯ ಹೊರಗಿಟ್ಟಳು. ಎಸೆದಳು. ಚೆಂಡು ಉಂಗುರದ ಅಂಚಿಗೆ ತಾಗಿ ಒಳಗೆ ಬಿತ್ತು. ರೆಫರಿ ಮೂರು ಬೆರಳು ಎತ್ತಿದ. ಸೀಟಿ. ಒಂದು ಪಾಯಿಂಟಿನಿಂದ ನಾವು ಗೆದ್ದೆವು.

ಹುಡುಗಿಯರು ಅವಳನ್ನು ಎತ್ತಿಕೊಂಡರು. ಎದುರು ತಂಡದ ಒಬ್ಬ ಉದ್ದನೆಯ ಹುಡುಗಿ ನೆಲದ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತ ಅಳುತ್ತಿದ್ದಳು. ಅವಳನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಗೋಡೆ ಬಿಟ್ಟು ಟೀಚರ್ ಹತ್ತಿರ ಹೋದೆ.

"ಗೆರಿ ತಪ್ಪೈತ್ರಿ. ಅಲ್ಲಿ ಒಂದು ಗೇಣು ಒಳಗ ಬಂದೈತಿ."

ಟೀಚರ್ ನೋಡಿದರು, ರೆಫರಿಯನ್ನು ಕರೆದರು. ಹಗ್ಗ ತಂದು ಅಳೆದರು. ಖರೇ. ರೆಫರಿ ಕೊಂಕಣಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ: ಎರಡೂ ತಂಡ ಅರ್ಧರ್ಧ ಹೊತ್ತು ಇದೇ ಬುಟ್ಟಿಗೆ ಆಡಿವೆ, ಆಟದ ಹೊತ್ತಿಗೆ ನೆಲದ ಮೇಲೆ ಇದ್ದ ಗೆರೆಯೇ ಗೆರೆ, ತಾನು ನೋಡಿ ಒಪ್ಪಿದ್ದು, ಮುಗಿಯಿತು. ಆ ಶಾಲೆಯವರು ಗೊಣಗಿದರು, ಆಮೇಲೆ ಕೈ ಕುಲುಕಿ ಹೋದರು.

ಟೀಚರ್ ಹೋಗಲಿಲ್ಲ. "ಈ ಗೆರೆ ನಿಂದಲ್ಲ" ಅಂದರು.

"ನಂದ ರೀ."

"ನಡಿ. ಈ ಸೀದಾ ಗೆರೆ ಮ್ಯಾಲೆ ನಡಿ, ನಾ ನೋಡ್ತೇನೆ."

ನಾನೇ ಬೆಳಿಗ್ಗೆ ಎಳೆದ ಗೆರೆ. ಒಂದು ಕಾಲಿನ ಮುಂದೆ ಇನ್ನೊಂದು ಕಾಲಿಟ್ಟೆ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಬಲಕ್ಕೆ ಹೋದೆ. ಟೀಚರ್ ತೋಳು ಹಿಡಿಯದಿದ್ದರೆ ಬೀಳುತ್ತಿದ್ದೆ. ಎಲ್ಲ ಹುಡುಗಿಯರೂ ನೋಡುತ್ತಿದ್ದರು. ಯಾರೋ ಒಬ್ಬಳು ನಕ್ಕಳು, ಕುಡಿದಿದ್ದಾಳೆ ಎಂದುಕೊಂಡು. ಟೀಚರ್ ನನ್ನ ಕೈಯಿಂದ ಬ್ರಶ್ಶು ತೆಗೆದುಕೊಂಡರು. ಮೆಲ್ಲಗೆ ತೆಗೆದುಕೊಂಡರು, ಕಸಿಯಲಿಲ್ಲ.

ಗುಡ್ಡ ಹತ್ತುವಾಗ ರೇಣುಕಾ ನನ್ನ ಜೊತೆ ಬಂದಳು. ಸಿಟ್ಟಿನಲ್ಲಿದ್ದಳು.

"ಗೆದ್ದಿದ್ವಿ. ನೀ ಯಾಕ ಬಾಯಿ ಬಿಟ್ಟಿ?"

"ತಪ್ಪಿತ್ತು, ಹೇಳಿದೆ. ನೀ ಆಡಿದ್ದೇನ ತಪ್ಪಲ್ಲ."

ಸ್ವಲ್ಪ ದೂರ ಮುಂದೆ ಹೋಗಿ ತಿರುಗಿ ನಿಂತಳು. ಆಮೇಲೆ ಅಂದಳು, "ನನಗ ಮುಂಜಾನೆನ ಕಂಡಿತ್ತು ದೊಡ್ಡವ್ವಾ. ಗೆರಿ ಒಳಗ ಬಂದೈತಿ ಅಂತ ಗೊತ್ತಿದ್ದ ಅಲ್ಲಿ ಹೋಗಿ ಹೊಡದೆ."

"ಗೊತ್ತಿದ್ರ ಟೀಚರಗ ಯಾಕ ಹೇಳಲಿಲ್ಲ?"

"ನೀ ಎಂದೂ ಗೆರಿ ತಪ್ಪಾಕಿ ಅಲ್ಲ. ನಿನಗ ಇನ್ನೂ ಆರಾಮಿಲ್ಲ ಅಂತ ತಿಳೀತು. ಹೇಳಿದ್ರ ನಿನ್ನ ಮತ್ತ ಮನಿಗೆ ಕಳಸ್ತಿದ್ರಲ್ಲ."

ನಾನು ಮುಚ್ಚಿಟ್ಟದ್ದೂ ಅದಕ್ಕೇ, ಅವಳು ಮುಚ್ಚಿಟ್ಟದ್ದೂ ಅದಕ್ಕೇ.

ಮರುದಿನ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿಸಿ ನಿಲ್ಲಿಸಿದರು, ನಾನು ಮರದಂತೆ ವಾಲಿದೆ. ಸೂಜಿ ಅಲ್ಲಿಗೇ ನಿಲ್ಲಿಸಿದರು. ಸಿಟ್ಟು ಮಾಡಲಿಲ್ಲ. ಇದು ಸೂಜಿಯಿಂದ ಆದದ್ದು, ಶುರುವಾದ ವಾರವೇ ಹೇಳಿದ್ದರೆ ಇಷ್ಟು ಆಗುತ್ತಿರಲಿಲ್ಲ, ಇನ್ನು ಎಷ್ಟು ತಿರುಗಿ ಬರುತ್ತದೋ ನೋಡೋಣ ಎಂದರು. ನನ್ನ ಗುಳಿಗೆಯ ತಿಂಗಳೂ ಉದ್ದವಾಯಿತು. ಇಮಾಮಸಾಬನ ಹಾಗೆ. ಅವನು ಮಾತ್ರ ನೆಟ್ಟಗೆ ನಡೆದು ಹೋಗಿ ಲಾರಿ ಹತ್ತಿದ.

ಟಿ.ಬಿ. ಪೂರ್ತಿ ಹೋಯಿತು. ಒಂದು ದಿನ ಊಟಕ್ಕೆ ಕೂತಾಗ ನೋಡಿದರೆ ಗೀರು ಹಾಕಿದ ತಾಟಿನಲ್ಲಿ ನಮ್ಮ ಮನೆಯವರು ಉಣ್ಣುತ್ತಿದ್ದರು. ಕಟ್ಟೆಯಿಂದ ಹಾಸಿಗೆಯೂ ಒಳಗೆ ಬಂತು. ಹಾದಿಯಲ್ಲಿ ಹೋಗುವಾಗ ನಾನು ವಾಲುವ ಬದಿಗೆ ಅವರು ನಡೆಯುವುದನ್ನು ರೂಢಿ ಮಾಡಿಕೊಂಡರು.

ಶಾಲೆಯಲ್ಲಿ ಕೆಲಸ ಉಳಿಯಿತು. ವರ್ಗದ ಕೋಣೆಗಳ ಒಳಗಿನ ಕೆಲಸ, ಬೆಂಚು ಒರೆಸುವುದು, ಕಿಟಕಿ ಒರೆಸುವುದು. ಗೆರೆ ವಾಚಮನ್ ಎಳೆದ, ಆಮೇಲೆ ಹೊಸ ಮಾಲಿ ಎಳೆದ. ರೇಣುಕಾ ಕಾಲೇಜಿನ ತಂಡದಲ್ಲಿ ಎರಡು ವರ್ಷ ಆಡಿ, ಮದುವೆಯಾಗಿ ಕಾಣಕೋಣಕ್ಕೆ ಹೋದಳು. ತೊಂಬತ್ತರ ದಶಕದಲ್ಲಿ ಅಂಗಳಕ್ಕೆ ಎಣ್ಣೆಬಣ್ಣದ ಗೆರೆಯೇ ಬಂತು. ಚಲೋ ಗೆರೆ, ಮಳೆಗೂ ಹೋಗುವುದಿಲ್ಲ. ಅದಾದ ಮೇಲೆ ಶನಿವಾರ ಅಂಗಳದಲ್ಲಿ ಯಾರೂ ಬಗ್ಗಲಿಲ್ಲ.

ಸೂಜಿ ತೆಗೆದುಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ. ಕಿವಿ ಗುಂಯ್ ಅಂದರೆ, ನೆಲ ತೇಲಿದರೆ, ಅಂದೇ ಹೇಳಿ. ಚೀಟಿ ತಡವಾದರೆ ಆಗಲಿ. ನಾನು ಒಂದು ದಿನದ ಗೆರೆಯ ಆಸೆಗೆ ಉಳಿದ ಎಲ್ಲ ಗೆರೆಗಳನ್ನೂ ಕಳೆದುಕೊಂಡೆ.

ಈಗ ಹಗಲಿನಲ್ಲಿ, ಸಪಾಟು ನೆಲದ ಮೇಲೆ, ಎದುರು ನೋಡುತ್ತ ನಡೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಬಗ್ಗಿದರೆ ಗೊತ್ತಾಗುತ್ತದೆ. ಆದರೂ ಎಲ್ಲಾದರೂ ಹೊಸದಾಗಿ ಸಿಮೆಂಟು ಹಾಕಿದ ಅಗಲವಾದ ನೆಲ ಕಂಡರೆ, ಮಾರ್ಕೆಟ್ಟಿನ ಮುಂದೆಯೋ, ಕಾರ್ಖಾನೆಯ ಗೇಟಿನ ಒಳಗೋ, ನಿಂತುಬಿಡುತ್ತೇನೆ. ಬುಟ್ಟಿ ಎಲ್ಲಿ ನಿಲ್ಲಿಸಬಹುದು, ಗೆರೆ ಯಾವ ಮೂಲೆಯಿಂದ ಶುರು ಮಾಡಬೇಕು ಎಂದು ಕಾಲು ತನ್ನಷ್ಟಕ್ಕೆ ಲೆಕ್ಕ ಹಾಕುತ್ತದೆ.

"ಏನ ನೋಡಾಕತ್ತಿ? ಖಾಲಿ ಐತಲ್ಲ ಅದು" ಅನ್ನುತ್ತಾರೆ ಇವರು.

"ಖಾಲಿ ಐತಿ, ಅದಕ್ಕ ನೋಡಾಕತ್ತೇನಿ" ಅನ್ನುತ್ತೇನೆ. ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ.